ಸೊಕ್ಕು, ಮದ, ಅಮಲು: ಕಪಿಲಾ–ಕಾವೇರಿ ಸೀಮೆಯಲ್ಲಿ ಮತ್ತಿನ ಮಾತುಗಳ ಚರಿತ್ರೆ

ಕನ್ನಡದಲ್ಲಿ ಕುಡಿದವನ ಸ್ಥಿತಿಯನ್ನು ಹೇಳುವ ಪದಗಳೂ ಗರ್ವಿಷ್ಠನ ಸ್ಥಿತಿಯನ್ನು ಹೇಳುವ ಪದಗಳೂ ಬಹುಮಟ್ಟಿಗೆ ಒಂದೇ. ಹೆಂಡ ಕುಡಿದವನೂ ಸೊಕ್ಕುತ್ತಾನೆ, ಹಣ ಕಂಡವನೂ ಸೊಕ್ಕುತ್ತಾನೆ. ಮದ್ಯದಿಂದ ಬರುವುದೂ ಮದ, ಯೌವನದಿಂದ ಬರುವುದೂ ಮದ. ಸಾರಾಯಿಯ ಅಮಲು ಎನ್ನುವ ನಾಲಿಗೆಯೇ ಅಧಿಕಾರದ ಅಮಲು ಎಂದೂ ನುಡಿಯುತ್ತದೆ. ಇವುಗಳಲ್ಲಿ ಹಲವನ್ನು ಬೀದಿಯ ಮಾತು, ಬೈಗುಳದ ಮಾತು ಎಂದು ಬದಿಗಿರಿಸುವ ರೂಢಿ ಸಾಹಿತ್ಯಾಭ್ಯಾಸಿಗಳಲ್ಲಿದೆ. ಆದರೆ ಈ ಪದಗಳ ಹಿಂದೆ ರಾಜಲಾಂಛನದಿಂದ ಕರ್ಮಸಿದ್ಧಾಂತದವರೆಗೆ, ಜನಪದ ಕಾವ್ಯದಿಂದ ತಾಲ್ಲೂಕು ಕಚೇರಿಯವರೆಗೆ ಹಬ್ಬಿದ ಸಾವಿರ ವರ್ಷಗಳ ಚರಿತ್ರೆಯಿದೆ.

ಆ ಚರಿತ್ರೆಯನ್ನು ಒಂದೇ ಸೀಮೆಯಲ್ಲಿ ನಿಂತು ನೋಡಬೇಕೆಂದರೆ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ತಕ್ಕ ಸ್ಥಳ. ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಅದೇ ತಾಲ್ಲೂಕಿನಲ್ಲಿ ಗಂಗರ ರಾಜಧಾನಿಯಾಗಿದ್ದ ತಲಕಾಡು ಇದೆ. ಬಿ.ಎಲ್. ರೈಸ್ ಅವರು ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದ್ದು 1894ರಲ್ಲಿ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಹೊರಬಂದದ್ದೂ ಅದೇ ವರ್ಷ. ಶಾಸನದ ಮಾತು, ನಿಘಂಟಿನ ಮಾತು, ಊರಿನ ಮಾತು ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗಲೇ ಈ ಪದಗಳ ನಡೆ ಗೋಚರವಾಗುತ್ತದೆ.

ಮೊದಲು ದೇಸಿ ಪದವನ್ನೇ ತೆಗೆದುಕೊಳ್ಳಬಹುದು. ಇಂದಿನ ಸೊಕ್ಕು ಹಳಗನ್ನಡದಲ್ಲಿ ಸೊರ್ಕು. ಮರ್ದು ಎಂಬುದು ಮದ್ದು, ಪೆರ್ಚು ಎಂಬುದು ಹೆಚ್ಚು ಆದಂತೆಯೇ ಇಲ್ಲಿಯೂ ರೇಫವು ಮುಂದಿನ ವ್ಯಂಜನದೊಡನೆ ಸಮರೂಪ ಹೊಂದಿ ದ್ವಿತ್ವವಾಗಿದೆ. ಹಳಗನ್ನಡದಲ್ಲಿ ಈ ಪದಕ್ಕೆ ಮತ್ತೇರು, ಮೈಮರೆ, ಗರ್ವಪಡು ಎಂಬ ಅರ್ಥಗಳು ಒಟ್ಟಿಗೇ ಇವೆ. ನೆರೆಯ ತಮಿಳಿನ ಚೊಕ್ಕು ಎಂಬುದಕ್ಕೆ ಮೋಹಗೊಳ್ಳುವುದು, ತೆಲುಗಿನ ಸೊಕ್ಕು ಎಂಬುದಕ್ಕೆ ಪರವಶವಾಗುವುದು ಎಂಬ ಅರ್ಥಗಳು ಉಳಿದಿವೆ. ಅಲ್ಲಿ ಅದು ಸೌಂದರ್ಯಕ್ಕೂ ಭಕ್ತಿಗೂ ಸಲ್ಲುವ ಮಾತು. ಕನ್ನಡದಲ್ಲಿ ಮಾತ್ರ ಅದು ಕ್ರಮೇಣ ಗರ್ವದ ಕಡೆಗೆ ವಾಲಿತು. ಈ ವಾಲುವಿಕೆಗೆ ಕಾರಣವೇನೆಂದು ಕೇಳಿಕೊಂಡರೆ ಕಣ್ಣಿಗೆ ಬೀಳುವ ಮೊದಲ ಪ್ರಾಣಿ ಆನೆ. ಸೊರ್ಕಾನೆ, ಮದ್ದಾನೆ, ಮದಗಜ ಎಂಬ ರೂಪಗಳು ಹಳಗನ್ನಡ ಕಾವ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಗಂಡಾನೆಯ ಕಪೋಲದಿಂದ ಒಸರುವ ದ್ರವಕ್ಕೆ ಮದವೆಂದು ಹೆಸರು. ಆ ಕಾಲದಲ್ಲಿ ಅದು ಅಂಕುಶಕ್ಕೆ ಬಗ್ಗದು, ಮಾವುತನನ್ನೂ ಲೆಕ್ಕಿಸದು. ಅಮಲು ಮತ್ತು ಅಹಂಕಾರ ಎರಡನ್ನೂ ಏಕಕಾಲದಲ್ಲಿ ತೋರಿಸುವ ಇಂತಹ ಇನ್ನೊಂದು ದೃಶ್ಯವನ್ನು ಪ್ರಾಚೀನ ಕನ್ನಡಿಗರು ಕಂಡಿರಲಾರರು.

ತಲಕಾಡಿನ ಗಂಗರ ಲಾಂಛನ ಇದೇ ಮದಗಜ. ಅವರ ತಾಮ್ರಶಾಸನಗಳ ಮುದ್ರೆಗಳಲ್ಲಿ ನಿಂತಿರುವುದು ಆನೆ. ಬಿರುದಾವಳಿಯಲ್ಲಿ ಅದು ಮದಗಜೇಂದ್ರ. ಸೈಗೊಟ್ಟ ಶಿವಮಾರನೆಂಬ ಗಂಗ ದೊರೆ ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂದೂ ಅದು ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿ ನಿಂತಿತೆಂದೂ ನಂತರದ ಶಾಸನವೊಂದು ಹೇಳುತ್ತದೆ. ಕೃತಿ ಉಳಿದಿಲ್ಲ. ಆದರೆ ಆನೆಯನ್ನು ಕುರಿತ ಅರಸನ ರಚನೆ ಭತ್ತ ಕುಟ್ಟುವ ಹೆಂಗಸರ ಹಾಡಾಯಿತೆಂಬ ಆ ಸುದ್ದಿ ಭಾಷಾಚರಿತ್ರೆಯ ದೃಷ್ಟಿಯಿಂದ ಬಹಳ ಮುಖ್ಯವಾದುದು. ಅರಮನೆಯ ಪದ ಒರಳಿನ ಬಳಿಗೆ ಬಂದು ಸೇರುವ ದಾರಿಗಳಲ್ಲಿ ಅದು ಒಂದು. ಗಂಗರ ಕಾಲದಲ್ಲಿ ಮದವು ರಾಜನಿಗೆ ಭೂಷಣ. ಶತ್ರುವಿನ ಮದವನ್ನು ಅಡಗಿಸುವುದು ವೀರನ ಕರ್ತವ್ಯ. ತನ್ನದಾದರೆ ಪರಾಕ್ರಮ, ಎದುರಾಳಿಯದಾದರೆ ಸೊಕ್ಕು ಎಂಬ ಇಬ್ಬಗೆ ಅಲ್ಲಿಯೇ ಹುಟ್ಟಿಕೊಂಡಿತು.

ಅದೇ ಗಂಗರಾಜ್ಯದ ಆಶ್ರಯದಲ್ಲಿ ಈ ಇಬ್ಬಗೆಯನ್ನು ಒಪ್ಪದ ಇನ್ನೊಂದು ವಿಚಾರಧಾರೆಯೂ ಬೆಳೆಯಿತು. ಇಮ್ಮಡಿ ಮಾರಸಿಂಹ ಮತ್ತು ನಾಲ್ಮಡಿ ರಾಚಮಲ್ಲರಿಗೆ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು 978ರಲ್ಲಿ ತನ್ನ ಗದ್ಯಪುರಾಣವನ್ನು ರಚಿಸಿದನು; ಸುಮಾರು 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದನು. ಅವನಿಗಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಪ್ರಾಕೃತದಲ್ಲಿ ಬರೆದ ಗ್ರಂಥ ಗೊಮ್ಮಟಸಾರ. ಅದರ ಕರ್ಮಕಾಂಡದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮಾನಗಳಿವೆ. ಜ್ಞಾನಾವರಣೀಯಕ್ಕೆ ಮುಸುಕಿದ ಬಟ್ಟೆ, ದರ್ಶನಾವರಣೀಯಕ್ಕೆ ಬಾಗಿಲು ಕಾಯುವವನು, ವೇದನೀಯಕ್ಕೆ ಜೇನು ಸವರಿದ ಕತ್ತಿಯ ಅಲಗು, ಆಯುವಿಗೆ ಕೋಳ, ನಾಮಕ್ಕೆ ಚಿತ್ರಕಾರ, ಗೋತ್ರಕ್ಕೆ ಕುಂಬಾರ, ಅಂತರಾಯಕ್ಕೆ ಭಂಡಾರಿ. ನಾಲ್ಕನೆಯದಾದ ಮೋಹನೀಯ ಕರ್ಮಕ್ಕೆ ಕೊಟ್ಟಿರುವ ಉಪಮಾನ ಮದ್ಯ.

ಈ ಉಪಮಾನದ ವ್ಯಾಪ್ತಿಯನ್ನು ಗಮನಿಸಬೇಕು. ಮೋಹನೀಯದ 28 ಭೇದಗಳಲ್ಲಿ 3 ದರ್ಶನಮೋಹನೀಯಕ್ಕೆ, 25 ಚಾರಿತ್ರಮೋಹನೀಯಕ್ಕೆ ಸೇರಿದವು. ಆ 25ರಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳ 16 ರೂಪಗಳಿವೆ. ಉಳಿದ 9 ನೋಕಷಾಯಗಳು: ನಗೆ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳು. ಎಂದರೆ ಮನುಷ್ಯನ ಉತ್ಕಟ ಭಾವಗಳೆಲ್ಲವೂ ಮದ್ಯದ ಉಪಮಾನದ ಒಳಗೆ ಬಂದವು. ಕೋಪವೂ ಒಂದು ಕುಡಿತ, ಅಳುವೂ ಒಂದು ಕುಡಿತ, ಅಟ್ಟಹಾಸವೂ ಒಂದು ಕುಡಿತ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ನೇರವಾಗಿ ಹೇಳುತ್ತಾರೆ: ಅಭಿಮಾನ, ಭಯ, ಜುಗುಪ್ಸೆ, ಹಾಸ್ಯ, ಶೋಕ, ಕಾಮ, ಕೋಪ ಮೊದಲಾದವೆಲ್ಲ ಹಿಂಸೆಯ ಪರ್ಯಾಯಗಳು, ಅವೆಲ್ಲವೂ ಮದ್ಯದ ನೆರೆಯಲ್ಲಿರುವವು ಎಂಬುದು ಅವರ ಮಾತಿನ ತಾತ್ಪರ್ಯ. ಗೊಮ್ಮಟಸಾರಕ್ಕೆ 1359ರಲ್ಲಿ ಕೇಶವಣ್ಣನು ಕನ್ನಡ ವ್ಯಾಖ್ಯಾನವನ್ನು ಬರೆದ ಮೇಲೆ ಈ ವಿಚಾರ ಪ್ರಾಕೃತ ಬಲ್ಲವರ ವಲಯವನ್ನು ದಾಟಿ ಕನ್ನಡದಲ್ಲಿಯೂ ನೆಲೆಗೊಂಡಿತು.

ಕನ್ನಡದ ವಾಕ್ಯರಚನೆಯೂ ಈ ವಿಚಾರಕ್ಕೆ ಒಗ್ಗುವಂತಿದೆ. ಅವನು ಕುಡಿದನು ಎನ್ನುವಾಗ ಕುಡಿದವನೇ ಕರ್ತೃ. ಆದರೆ ಅವನಿಗೆ ಅಮಲೇರಿತು, ಅವನಿಗೆ ಸೊಕ್ಕು ಬಂದಿತು, ಅವನಿಗೆ ಕೋಪ ಬಂದಿತು ಎನ್ನುವಾಗ ಮನುಷ್ಯನು ಚತುರ್ಥೀ ವಿಭಕ್ತಿಗೆ ಸರಿದು, ಭಾವವೇ ಕರ್ತೃವಿನ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆ. ಕರ್ಮದ ಉದಯವೆಂದು ಸಿದ್ಧಾಂತಿ ಹೇಳುವುದನ್ನು ವ್ಯಾಕರಣ ತನ್ನ ರೀತಿಯಲ್ಲಿ ಹೇಳಿದಂತಿದೆ. ವ್ಯತ್ಯಾಸವೂ ಉಂಟು. ಉದಯಿಸಿದ ಕಷಾಯಕ್ಕೆ ಮಣಿದು ಹೊಸ ಬಂಧವನ್ನು ಕಟ್ಟಿಕೊಳ್ಳುವವನು ಜೀವನೇ ಎಂಬುದು ಜೈನರ ನಿಲುವು. ಅಮಲಿನಲ್ಲಿ ಆಡಿದ ಮಾತು ಎಂದು ಹೇಳಿ ಜಾರಿಕೊಳ್ಳಲು ಅಲ್ಲಿ ಅವಕಾಶವಿಲ್ಲ.

ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಎಳೆ ಇನ್ನೂ ಹರಿತವಾಗಿದೆ. ಗೃಹಸ್ಥನ ಎಂಟು ಮೂಲಗುಣಗಳಲ್ಲಿ ಐದು ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧುಗಳ ತ್ಯಾಗ ಸೇರಿದೆ. ಅದೇ ಗ್ರಂಥ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಎಂಬ ಎಂಟು ಆಶ್ರಯಗಳಿಂದ ಹುಟ್ಟುವ ಅಷ್ಟಮದಗಳನ್ನೂ ಎಣಿಸುತ್ತದೆ. ಮದ್ಯವನ್ನು ಬಿಟ್ಟವನು ಈ ಎಂಟನ್ನು ಬಿಡದಿದ್ದರೆ ಅವನ ಸಮ್ಯಕ್ತ್ವಕ್ಕೆ ಕಳಂಕವೇ. ಕುಲಮದ, ಜಾತಿಮದಗಳನ್ನು ಹೇಳಿದ ಬೆನ್ನಿಗೇ ಆಚಾರ್ಯರು, ಸಮ್ಯಗ್ದರ್ಶನವುಳ್ಳವನು ಮಾತಂಗ ದೇಹದಲ್ಲಿ ಹುಟ್ಟಿದರೂ ಬೂದಿ ಮುಚ್ಚಿದ ಕೆಂಡದಂತೆ ದೇವನೇ ಸರಿ ಎಂದು ಸಾರುತ್ತಾರೆ. ಮಾತಂಗ ಎಂಬ ಸಂಸ್ಕೃತ ಪದಕ್ಕೆ ಅಂತ್ಯಜನೆಂಬ ಅರ್ಥವೂ ಇದೆ, ಆನೆಯೆಂಬ ಅರ್ಥವೂ ಇದೆ. ರಾಜಮುದ್ರೆಯಲ್ಲಿ ಪೂಜ್ಯವಾದ ಪದ ಊರ ಹೊರಗೆ ನಿಂದೆಯಾದುದನ್ನು ಕಂಡರೆ, ಮದವೆಂಬುದು ವಸ್ತುವಿನಲ್ಲಿಲ್ಲ, ನೋಡುವವನ ಸ್ಥಾನದಲ್ಲಿದೆ ಎಂಬ ಸಂದೇಹ ಮೂಡದಿರದು.

ಗೊಮ್ಮಟನ ಕಥೆಯ ಸುತ್ತಲೂ ಇದೇ ಆನೆ ತಿರುಗುತ್ತದೆ. ಜಿನಸೇನ, ಪಂಪರ ದಿಗಂಬರ ಪರಂಪರೆಯಲ್ಲಿ ಬಾಹುಬಲಿಗೆ ಉಳಿದಿದ್ದ ತೊಡಕು ಅಣ್ಣನನ್ನು ನೋಯಿಸಿದೆನೆಂಬ ಸಂಕ್ಲೇಶ. ಶ್ವೇತಾಂಬರ ಪರಂಪರೆಯಲ್ಲಾದರೋ ಬ್ರಾಹ್ಮಿ, ಸುಂದರಿಯರು ಬಂದು ಆನೆಯಿಂದ ಇಳಿ ಎನ್ನುತ್ತಾರೆ. ನಿಂತೇ ತಪಸ್ಸು ಮಾಡುತ್ತಿದ್ದವನಿಗೆ ತಾನು ಏರಿರುವುದು ಮಾನವೆಂಬ ಆನೆಯೆಂದು ಆಗ ತಿಳಿಯುತ್ತದೆ. ಬೆಳಗೊಳದ ಐತಿಹ್ಯದಲ್ಲಿ ಚಾವುಂಡರಾಯನೇ ಈ ಪಾಠವನ್ನು ಕಲಿಯಬೇಕಾಗುತ್ತದೆ. ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ತೊಡೆಯಿಂದ ಕೆಳಗೆ ಇಳಿಯದು. ಗುಳ್ಳಕಾಯಿಯಲ್ಲಿ ಗುಟುಕು ಹಾಲು ತಂದ ಅಜ್ಜಿ ಎರೆದಾಗ ಅದು ಪಾದವನ್ನು ಮುಟ್ಟುತ್ತದೆ. ಹಾಲು ಇಳಿಯಿತು, ಅದರೊಡನೆ ದಂಡನಾಯಕನ ಮದವೂ ಇಳಿಯಿತು.

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆ ಏಕಪಕ್ಷೀಯವಾಗುತ್ತದೆ. ಈ ಸೀಮೆಯ ಕಂಸಾಳೆಯವರು ಹಾಡುವ ಮಲೆಮಹದೇಶ್ವರ ಕಾವ್ಯದಲ್ಲಿ ಸೊಕ್ಕಿನ ಮೂರ್ತರೂಪವಾಗಿ ಬರುವವನು ಬಂಕಾಪುರದ ಶ್ರವಣ ದೊರೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಅವನನ್ನು ಮಾದಪ್ಪನು ಸಂಹರಿಸುತ್ತಾನೆ. ಶ್ರವಣನೆಂಬ ಹೆಸರಿನಲ್ಲಿ ಜೈನರ ನೆನಪು ಅಡಗಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಲ್ಲೇಖನದಿಂದ ದೇಹವನ್ನು ತೊರೆದ ಗಂಗ ಮಾರಸಿಂಹನ ಕೊನೆಯ ತಾಣವೂ ಅಜಿತಸೇನಾಚಾರ್ಯರ ಸನ್ನಿಧಿಯಿದ್ದ ಬಂಕಾಪುರವೇ. ಗ್ರಂಥದಲ್ಲಿ ಮದವನ್ನು ತ್ಯಜಿಸಿ ಎಂದು ಬೋಧಿಸಿದ ಮತ ಜನಪದರ ನೆನಪಿನಲ್ಲಿ ಸೊಕ್ಕಿದ ದೊರೆಯಾಗಿ ಉಳಿಯಿತು. ಜೈನ ಸಾಹಿತ್ಯದ ಅಭ್ಯಾಸಿಗಳು ಇದನ್ನು ಮತದ್ವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ರಾಜಾಶ್ರಯದಲ್ಲಿದ್ದ ಧರ್ಮವನ್ನು ಕೆಳಗಿನಿಂದ ನೋಡಿದವರಿಗೆ ಅದು ಹೇಗೆ ಕಂಡಿತೆಂಬುದಕ್ಕೆ ಈ ಕಾವ್ಯವೂ ಒಂದು ದಾಖಲೆ. ಅಷ್ಟಮದಗಳ ಪಟ್ಟಿಯಲ್ಲಿ ಪೂಜೆ ಮತ್ತು ತಪಸ್ಸುಗಳು ಸೇರಿರುವುದು ಇಂತಹ ಎಚ್ಚರಕ್ಕಾಗಿಯೇ.

ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಹೊಲಸು ವೇಷದಲ್ಲಿ, ಹೆಂಡದ ಹರವಿಯೊಡನೆ. ಅದನ್ನು ಕಂಡು ಮೂಗು ಮುಚ್ಚಿಕೊಂಡ ಶರಣರೇ ಪರೀಕ್ಷೆಯಲ್ಲಿ ಸೋಲುತ್ತಾರೆ. ಅಮಲು ಹರವಿಯಲ್ಲಿಲ್ಲ, ಶುಚಿಯೆಂದುಕೊಂಡವರ ತಲೆಯಲ್ಲಿದೆ ಎಂಬುದು ಆ ಪ್ರಸಂಗದ ಇಂಗಿತ. ಮದ್ಯವನ್ನು ಮೂಲಗುಣದ ವೈರಿಯೆಂದು ಕರೆದ ಸಮಂತಭದ್ರರೂ ಹೆಂಡದ ಹರವಿ ಹೊತ್ತ ಮಂಟೇಸ್ವಾಮಿಯೂ ಆಚಾರದಲ್ಲಿ ಎರಡು ಧ್ರುವಗಳು. ಜಾತಿಮದವನ್ನು ಕುರಿತ ಮಾತಿನಲ್ಲಿ ಮಾತ್ರ ಪರಸ್ಪರ ಹತ್ತಿರವಾಗುತ್ತಾರೆ.

ನಂಜನಗೂಡಿನ ಹೆಸರೇ ಈ ಪದಸಮೂಹಕ್ಕೆ ಮತ್ತೊಂದು ಬಾಗಿಲನ್ನು ತೆರೆಯುತ್ತದೆ. ನಂಜನ್ನು ಉಂಡವನು ನಂಜುಂಡ. ಕನ್ನಡದಲ್ಲಿ ವಿಷವೂ ಏರುತ್ತದೆ, ಇಳಿಯುತ್ತದೆ. ಅಮಲೂ ಏರುತ್ತದೆ, ಇಳಿಯುತ್ತದೆ. ಪಿತ್ತ ನೆತ್ತಿಗೇರುತ್ತದೆ, ಕೋಪ ಏರಿ ಇಳಿಯುತ್ತದೆ, ಜ್ವರವೂ ಹಾಗೆಯೇ. ಸೊಕ್ಕನ್ನು ಇಳಿಸುತ್ತಾರೆ ಇಲ್ಲವೆ ಮುರಿಯುತ್ತಾರೆ. ನಂಜು ಗಂಟಲಿನಲ್ಲಿಯೇ ನಿಂತದ್ದು, ಏರಲೂ ಇಲ್ಲ ಇಳಿಯಲೂ ಇಲ್ಲ ಎಂಬುದೇ ನಂಜುಂಡನ ಹಿರಿಮೆ. ಆನೆ ಇಲ್ಲಿಯೂ ಇದೆ. ಕಣ್ಣು ಕಾಣದಾಗಿದ್ದ ಟಿಪ್ಪುವಿನ ಪಟ್ಟದಾನೆಗೆ ಈ ದೇವರ ಕೃಪೆಯಿಂದ ದೃಷ್ಟಿ ಮರಳಿತೆಂದೂ ಅಂದಿನಿಂದ ಸುಲ್ತಾನನು ದೇವರನ್ನು ಹಕೀಮ್ ನಂಜುಂಡನೆಂದು ಕರೆದನೆಂದೂ ಐತಿಹ್ಯವಿದೆ. ಜಾತ್ರೆ, ತೇರುಗಳ ದಿನಗಳಲ್ಲಿ ಹಳ್ಳಿಗಳಲ್ಲಿ ಕೇಳಿಬರುವ ಮೈದುಂಬುವುದು, ಮೈಮೇಲೆ ಬರುವುದು ಎಂಬ ಮಾತುಗಳೂ ಈ ಗುಂಪಿನವೇ. ದೇವರು ಬಂದವನೂ ಕುಡಿದವನಂತೆ ತೂರಾಡುತ್ತಾನೆ; ಆದರೆ ಅವನಿಗೆ ಸೊಕ್ಕು ಎಂದು ಯಾರೂ ಹೇಳುವುದಿಲ್ಲ. ಹಳಗನ್ನಡದ ಮರುಳ್ ಎಂಬ ಪದದಲ್ಲಿ ಭೂತ ಮತ್ತು ಹುಚ್ಚು ಎಂಬ ಎರಡೂ ಅರ್ಥಗಳಿರುವುದನ್ನು ಇಲ್ಲಿ ನೆನೆಯಬಹುದು.

ಮುಸ್ಲಿಂ ಆಳ್ವಿಕೆಯ ಸಂಪರ್ಕದಿಂದ ಪಾರಸಿಯ ಮೂಲಕ ಕನ್ನಡಕ್ಕೆ ಬಂದ ಅರಬ್ಬಿ ಪದಗಳು ಈ ಕಥೆಗೆ ಹೊಸ ತಿರುವನ್ನು ಕೊಟ್ಟವು. ಅಮಲ್ ಎಂದರೆ ಕೆಲಸ, ಕಾರ್ಯಾಚರಣೆ, ಪರಿಣಾಮ. ಆಜ್ಞೆಯು ಕೆಲಸ ಮಾಡುವುದೂ ಅಮಲು, ಅಫೀಮು ಕೆಲಸ ಮಾಡುವುದೂ ಅಮಲು. ಆಡಳಿತದ ಕಡೆಯಿಂದ ಅಮಲ್ದಾರ, ಅಮಲ್ಜಾರಿಗಳು ಬಂದವು. ಮಾದಕದ ಕಡೆಯಿಂದ ಇಂದಿನ ಅಮಲು ಉಳಿಯಿತು. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಮುಖ್ಯಾಧಿಕಾರಿ ಅಮಲ್ದಾರ. ನಂಜನಗೂಡು, ನರಸೀಪುರಗಳ ರೈತರಿಗೆ ಅಮಲು ಎಂದರೆ ಒಂದು ಕಿವಿಗೆ ಕಚೇರಿ, ಇನ್ನೊಂದು ಕಿವಿಗೆ ಪಡಖಾನೆ. ಇಂದು ಪತ್ರಿಕೆಗಳು ರೂಪಕವೆಂದು ಬಳಸುವ ಅಧಿಕಾರದ ಅಮಲು ಎಂಬ ನುಡಿಗಟ್ಟು ವ್ಯುತ್ಪತ್ತಿಯ ದೃಷ್ಟಿಯಿಂದ ಒಂದೇ ಪದದ ಎರಡು ಅರ್ಥಗಳ ಮರುಭೇಟಿ. ನಶೆಯೂ ಇದೇ ದಾರಿಯಲ್ಲಿ ಬಂದದ್ದು. ಅದು ನಿಶೆಯಾದಾಗ ರಾತ್ರಿಯೆಂಬರ್ಥದ ಸಂಸ್ಕೃತ ಪದದ ರೂಪವನ್ನೇ ತಾಳಿತು. ಸಂಸ್ಕೃತದ ಮತ್ತದಿಂದ ಬಂದ ಮತ್ತು ಎಂಬ ನಾಮಪದವೂ ದೇಸಿಯಾದ ಮತ್ತು ಎಂಬ ಅವ್ಯಯವೂ ಹೀಗೆಯೇ ಧ್ವನಿಯಲ್ಲಿ ಮಾತ್ರ ನೆಂಟರು.

ಇಂದಿನ ಆಡುಮಾತಿಗೆ ಬಂದರೆ ಒಂದು ಮಹತ್ತ್ವದ ಬದಲಾವಣೆ ಕಾಣುತ್ತದೆ. ಕುಡಿತದ ಹೊಸ ಪದಗಳೆಲ್ಲ ಮರೆಮಾಚುವ ಪದಗಳು. ಎಳ್ ಮತ್ತು ನೆಯ್ ಸೇರಿ ಆದ, ಅಡುಗೆಮನೆಯ ಶುದ್ಧ ಪದವಾದ ಎಣ್ಣೆ ಈಗ ಮದ್ಯಕ್ಕೆ ಹೆಸರು. ಗುಂಡು ಹಾಕುವುದು, ನೈಂಟಿ, ಕ್ವಾರ್ಟರ್, ಟೈಟು, ಕಿಕ್ಕು, ಔಟು ಎಂಬವು ಬಂದೂಕು, ಅಳತೆ, ಯಂತ್ರ, ಆಟಗಳ ಲೋಕದಿಂದ ಬಂದಂತೆ ತೋರುವ ಮಾತುಗಳು. ತೀರ್ಥ ತೆಗೆದುಕೊಂಡ, ಒಳಗೆ ಪರಮಾತ್ಮ ಆಡುತ್ತಿದ್ದಾನೆ ಎಂಬ ಪರಿಹಾಸದ ಮಾತುಗಳು ಗುಡಿಯಿಂದ ಬಂದವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಪ್ಯಾಕೆಟ್ಟು ಎಂಬ ಪದ ಆ ಅರ್ಥದಲ್ಲಿ ಹಿಂದೆ ಸರಿಯಿತು. ಇವುಗಳಲ್ಲಿ ಒಂದಕ್ಕೂ ಗರ್ವದ ಅರ್ಥವಿಲ್ಲ. ಇನ್ನೊಂದು ಕಡೆ ಸೊಕ್ಕು, ಕೊಬ್ಬು, ತಿಮಿರು, ಪೊಗರುಗಳಿಂದ ಕುಡಿತದ ವಾಸನೆ ಹೆಚ್ಚುಕಡಿಮೆ ಹಾರಿಹೋಗಿದೆ. ಹಳಗನ್ನಡದಲ್ಲಿ ಕಾಂತಿಯೆಂಬ ಅರ್ಥವಿದ್ದ ಪೊಗರು 2021ರ ಚಲನಚಿತ್ರವೊಂದಕ್ಕೆ ಹೆಸರಾಗುವ ಹೊತ್ತಿಗೆ ಯುವಕರು ಮೆಚ್ಚಿ ಹೇಳಿಕೊಳ್ಳುವ ಉದ್ಧಟತನವಾಗಿದೆ. ಸಾವಿರ ವರ್ಷ ಒಂದೇ ಪಾತ್ರೆಯಲ್ಲಿದ್ದ ಮದ್ಯ ಮತ್ತು ಮದಗಳು ಹೀಗೆ ಬೇರೆಬೇರೆಯಾದವು. ಕುಡಿತ ತಮಾಷೆಯಾಯಿತು, ಸೊಕ್ಕು ಬೈಗುಳವಾಗಿ ಉಳಿಯಿತು.

ಬೈಗುಳವಾಗಿ ಉಳಿದ ಸೊಕ್ಕು ಯಾವ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ದುಡ್ಡಿನ ಸೊಕ್ಕು ಎಂಬುದನ್ನು ಧನಿಕನ ಬೆನ್ನ ಹಿಂದೆ ಆಡುತ್ತಾರೆ. ಏನ್ಲಾ, ಸೊಕ್ಕಾ ನಿಂಗ ಎಂಬುದನ್ನು ಮುಖಕ್ಕೇ ಆಡುವವನು ಯಜಮಾನ, ಕೇಳಿಸಿಕೊಳ್ಳುವವನು ಆಳು. ಅತ್ತೆ ಸೊಸೆಗೆ, ಜಮೀನುದಾರ ಕೂಲಿಯವನಿಗೆ, ಮೇಲುಕೇರಿಯವನು ಕೆಳಕೇರಿಯ ಹುಡುಗನಿಗೆ ಹೇಳುವ ಮಾತು ಅದು. ಹೊಸ ಅಂಗಿ ತೊಟ್ಟದ್ದು, ತಲೆಯೆತ್ತಿ ನಡೆದದ್ದು, ಕೂಲಿ ಕೇಳಿದ್ದು ಸೊಕ್ಕೆನಿಸಿಕೊಳ್ಳಬಹುದು. ತನಗೆ ಸೊಕ್ಕಿದೆಯೆಂದು ಯಾರೂ ಹೇಳಿಕೊಳ್ಳುವುದಿಲ್ಲ. ನನಗೇನು ಸೊಕ್ಕೇ ಎಂಬ ನಿರಾಕರಣೆಯಲ್ಲಿ ಮಾತ್ರ ಅದು ಉತ್ತಮ ಪುರುಷಕ್ಕೆ ಬರುತ್ತದೆ. ಸೊಕ್ಕು ಮುರಿಯುವುದು ಎಂಬ ನುಡಿಗಟ್ಟಿನ ಹಿಂದೆ ಈ ಸೀಮೆಯಲ್ಲಿಯೂ ಹೊರಗೂ ಎಷ್ಟು ಪೆಟ್ಟುಗಳಿವೆ ಎಂಬುದನ್ನು ನಿಘಂಟು ಹೇಳದು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು 1984ರಲ್ಲಿ ಪ್ರಕಟವಾದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕುಸುಮಬಾಲೆ’ಯನ್ನು ಈ ಸೀಮೆಯ ಆಡುನುಡಿಯಲ್ಲಿಯೇ ಬರೆದದ್ದರಿಂದ, ಮಾತನ್ನು ಕೇಳಿಸಿಕೊಳ್ಳುವವರ ಕಡೆಯಿಂದ ಭಾಷೆಯನ್ನು ನೋಡುವ ಅವಕಾಶ ಕನ್ನಡ ಓದುಗರಿಗೆ ಸಿಕ್ಕಿತು. ಅದಕ್ಕೆ ಬಹಳ ಮೊದಲೇ ಜಿ.ಪಿ. ರಾಜರತ್ನಂ ಅವರು ಕುಡುಕ ರತ್ನನ ಬಾಯಿಗೆ ಅವನದೇ ನುಡಿಯನ್ನು ಕೊಟ್ಟು, ಕುಡಿದವನಿಗೂ ವಿವೇಕವಿರಬಹುದೆಂದು ತೋರಿಸಿದ್ದರು.

ಅಷ್ಟಮದಗಳ ಪಟ್ಟಿಯ ವೈಶಿಷ್ಟ್ಯವಿರುವುದು ಇಲ್ಲಿಯೇ. ಅದು ಪರರ ಮದವನ್ನು ಮುರಿಯಲು ಮಾಡಿದ ಪಟ್ಟಿಯಲ್ಲ, ತನ್ನದನ್ನು ತಾನೇ ಎಣಿಸಿಕೊಳ್ಳಲು ಮಾಡಿದ್ದು. ಕುಲ, ಜಾತಿ, ಸಂಪತ್ತು, ವಿದ್ಯೆಗಳು ಉಳ್ಳವನಿಗೇ ಅದು ಅನ್ವಯಿಸುತ್ತದೆ, ಇಲ್ಲದವನಿಗೆ ಅಲ್ಲ. ಆಡುಮಾತಿನ ಸೊಕ್ಕು ಹರಿಯುವ ದಿಕ್ಕನ್ನು ಅದು ತಿರುಗಿಸುತ್ತದೆ. ನರಸೀಪುರದ ಗುಂಜಾ ನರಸಿಂಹನ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಸ್ಥಳೀಯರ ನಂಬಿಕೆ. ಅದೇ ಗುಲಗಂಜಿ ತನ್ನ ಮೈಯ ಕಪ್ಪನ್ನು ತಾನರಿಯದೆಂದು ಕನ್ನಡದ ಗಾದೆ ಹೇಳುತ್ತದೆ. ಹಿರಿಮೆಯನ್ನು ತೂಗುವ ಕಾಳೇ ತನ್ನ ಕುಂದನ್ನು ಕಾಣದು ಎಂಬ ಈ ತಿಳಿವಳಿಕೆ ಶ್ರಾವಕಾಚಾರಗಳ ತಿಳಿವಳಿಕೆಗೆ ದೂರವಾದುದಲ್ಲ.

ಪ್ರಾದೇಶಿಕ ಪದಕೋಶಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಮತ್ತು ಸಂಶೋಧಕರು 'ಸೊಕ್ಕು: ಗರ್ವ, ಮದ' ಎಂದು ಬರೆದು ಮುಂದೆ ಸಾಗುವುದು ಸಾಲದು. ಆ ಮಾತನ್ನು ಆಡಿದವರು ಯಾರು, ಯಾರಿಗೆ ಆಡಿದರು, ಯಾವ ಸಂದರ್ಭದಲ್ಲಿ ಆಡಿದರು ಎಂಬುದನ್ನೂ ಅದರ ಪಕ್ಕದಲ್ಲಿ ದಾಖಲಿಸಬೇಕು. ಮದಗಜದ ಮುದ್ರೆಯನ್ನೂ ಗೊಮ್ಮಟಸಾರದ ಉಪಮಾನವನ್ನೂ ಕಂಸಾಳೆಯ ಹಾಡನ್ನೂ ಜೊತೆಯಲ್ಲಿಟ್ಟು ಓದುವವರಿಗೆ ಈ ಕೆಲಸ ಕಷ್ಟವಲ್ಲ. ಕ್ಷೇತ್ರಕಾರ್ಯಕ್ಕೆ ಹೊರಡುವವರು ಮಾತನ್ನು ಆಡಿದವರ ಬಳಿಗೆ ಮಾತ್ರವಲ್ಲ, ಕೇಳಿಸಿಕೊಂಡವರ ಬಳಿಗೂ ಹೋಗಬೇಕಾಗುತ್ತದೆ.